ಸತ್ತೇಗಾಲದ ಮೆಂಬರಿಗೆ ಕೊಟ್ಟ ಎರಡನೆಯ ಅರ್ಜಿ

ಚಿಕ್ಕಬಸಮ್ಮನನ್ನು ನಾನು ಮೊದಲು ನೋಡಿದ್ದು ಸಾವಿರದ ಒಂಬೈನೂರ ಐವತ್ತೆರಡರ ಕಾರ್ತಿಕ ಮಾಸದಲ್ಲಿ, ಒಂದು ಗುರುವಾರ. ಕೊಳ್ಳೇಗಾಲದ ನಮ್ಮ ಮನೆಯ ಹಿತ್ತಲಲ್ಲಿ ನಾನು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದೆ. ಕೈ ಬಿಸಿನೀರಿನಲ್ಲಿತ್ತು. ಬಾಗಿಲಲ್ಲಿ ನಿಂತ ಹೆಂಗಸಿಗೆ ಮೂವತ್ತು ವರ್ಷವಿರಬಹುದು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕಂಕುಳಲ್ಲಿ ಒಂದು ಸ್ಲೇಟು.

“ಅಕ್ಕ, ಯೂನಿವರ್ಸಿಟಿಯೋರು ಎಂಗಸ್ರಿಗೆ ಅಕ್ಷರ ಏಳ್ಕೊಡಕೆ ಪಾಠದ ಮನೆ ಮಾಡವ್ರೆ. ನಾನೇ ಮೇಡಮ್ಮು. ಮಧ್ಯಾನ್ನ ಒಂದ್ ಗಂಟೆ ಬತ್ತೀರಾ?”

“ನಂಗೆ ಐವತ್ತೆಂಟು ಕಣಮ್ಮಿ. ಈಗ ಕಲ್ತು ಯಾವ ತಹಸೀಲ್ದಾರಿಕೆ ಮಾಡ್ಲಿ?”

“ತಹಸೀಲ್ದಾರಿಕೆ ಬ್ಯಾಡಿ. ಯಾವನಾರಾ ನಿಮ್ಮತ್ರ ಎಬ್ಬೆಟ್ಟು ಒತ್ತಿಸ್ಕೊಳಕೆ ಬಂದ್ರೆ, ಅದನ್ನ ಓದಿ ಅವನ ಮೊಕಕ್ಕೆ ಎಸೀರಿ. ಅಷ್ಟು ಸಾಕು.”

ಅವಳು ಅದನ್ನು ನಗದೆ ಹೇಳಿದಳು. ಒಲೆಯ ಮುಂದೆ ಕುಳಿತಿದ್ದ ನನಗೆ ಅವಳ ಮಾತೇ ಹೆಚ್ಚು ಬಿಸಿಯೆನಿಸಿತು. ಮರುದಿನ ಕೈ ಒರೆಸಿಕೊಂಡು ಪಾಠಕ್ಕೆ ಹೋದೆ.

ಅವಳ ಕತೆ ನನಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಹುಟ್ಟಿದ್ದು ಹನೂರಿನಲ್ಲಿ. ಹದಿನಾರಕ್ಕೆ ಸತ್ತೇಗಾಲದ ಪುಟ್ಟಮಲ್ಲಪ್ಪನ ತಮ್ಮನಿಗೆ ಕೊಟ್ಟರು. ನಾಲ್ಕನೆಯ ವರ್ಷ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಹನ್ನೊಂದನೆಯ ದಿನ ಪುಟ್ಟಮಲ್ಲಪ್ಪ ಒಂದು ಕಾಗದ ತಂದು, ಸಾವು ಬರೆಸಲು ತಾಲ್ಲೂಕು ಕಚೇರಿಗೆ ಬೇಕು ಎಂದ. ಇವಳಿಗೆ ಆಗ ಅಕ್ಷರ ಬಾರದು, ಹೆಬ್ಬೆಟ್ಟು ಒತ್ತಿದಳು. ಮೂರು ತಿಂಗಳ ಮೇಲೆ ಅವಳನ್ನು ಗಾಡಿ ಹತ್ತಿಸಿ ಹನೂರಿಗೆ ಕಳಿಸಿದರು. ಅಲ್ಲಿ ಒಬ್ಬ ಮೇಷ್ಟರ ಹೆಂಡತಿಯಿಂದ ಅಕ್ಷರ ಕಲಿತಳು. ರಿಜಿಸ್ಟರ್ ಕಚೇರಿಯ ಬರಹ ಓದುವಷ್ಟು ಕಲಿಯಲು ಅವಳಿಗೆ ಐದು ವರ್ಷ ಹಿಡಿಯಿತು. ಓದಿದಾಗ ತಿಳಿಯಿತು: ಕಾವೇರಿ ದಂಡೆಯ ಎರಡು ಎಕರೆ ಗದ್ದೆ, ನಲವತ್ತು ತೆಂಗಿನ ಮರ, ಗಂಡನ ಪಾಲೆಲ್ಲವನ್ನೂ ಅವಳು ಭಾವನಿಗೆ ಬಿಟ್ಟುಕೊಟ್ಟಿದ್ದಾಳೆ. ವಕೀಲರು ಕಾಲ ಮೀರಿತು ಎಂದರು.

“ನಂಗೆ ಗದ್ದೆ ಬ್ಯಾಡ ಕಣಕ್ಕ,” ಎಂದಳು ನನಗೆ. “ಊರೆಲ್ಲ ನೋಡ್ತಾ ಇರ್ಬೇಕು, ನಾ ಕೊಟ್ಟ ಕಾಗ್ದ ಅವ ಓದಬೇಕು, ಓದಿ ತಲೆ ತಗ್ಗಿಸ್ಬೇಕು. ಅದಾಗಾಗಂಟ ನಂಗೆ ಅನ್ನ ರುಚಿ ಇಲ್ಲ.”

ಅಷ್ಟರಲ್ಲಿ ಪುಟ್ಟಮಲ್ಲಪ್ಪ ಮದ್ರಾಸಿನ ಶಾಸನಸಭೆಗೆ ಮೆಂಬರಾಗಿದ್ದ. ನಮ್ಮ ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ನಡುವೆ ಇದ್ದದ್ದು ಒಂದು ಗಡಿಕಲ್ಲು. ಹೆಣ್ಣು ಕೊಟ್ಟು ತರುವವರು ಆ ಕಲ್ಲನ್ನು ನೋಡುತ್ತಿರಲಿಲ್ಲ.

ಐವತ್ತಮೂರರ ಕೊನೆಗೆ ಮದ್ರಾಸಿನ ಯೂನಿವರ್ಸಿಟಿಯಿಂದ ರಂಗನಾಯಕ ಎಂಬ ಅಧಿಕಾರಿ ಬಂದರು. ಬಿಳಿ ಪಂಚೆ, ಮೃದು ಮಾತು, ನಡುನಡುವೆ ತಮಿಳು. ಮಾರ್ಚಿಯಲ್ಲಿ ಶಾಸನಸಭೆ ಸೇರಿದಾಗ ಗ್ರಾಂಟು ಮುಂದುವರಿಯದಿದ್ದರೆ ಪಾಠದ ಮನೆಗೆ ಬೀಗ ಬೀಳುತ್ತದೆ ಎಂದರು. ಈ ಭಾಗದ ಮೂವರು ಮೆಂಬರುಗಳು ಎದ್ದು ಮಾತಾಡಿದರೆ ಉಳಿಯುತ್ತದೆ. ಯಾರನ್ನು ಎಲ್ಲಿ, ಹೇಗೆ ಕಾಣಬೇಕು ಎಂಬುದನ್ನು ಸ್ಥಳದವರೇ ಗೊತ್ತುಮಾಡಬೇಕು ಎಂದು ಯೂನಿವರ್ಸಿಟಿಯವರು ಹೇಳಿ ಕಳಿಸಿದ್ದರು.

ಚಿಕ್ಕಬಸಮ್ಮ ಸ್ಲೇಟಿನ ಮೇಲೆ ಮೂರು ಹೆಸರು ಬರೆದಳು. ಇಬ್ಬರು ಮೆಂಬರುಗಳು ಸುಲಭದವರು. ಗ್ರಾಂಟು ನೋಡುವ ಕಮಿಟಿಯಲ್ಲಿ ಇದ್ದವನು ಮೂರನೆಯವನು. ಅವನು ಪುಟ್ಟಮಲ್ಲಪ್ಪ.

“ನಾವು ಕೇಳೋರಮ್ಮಾ,” ಎಂದರು ರಂಗನಾಯಕರು. “ಬಗ್ಗಿ ಕೇಳ್ಬೇಕು. ಮನಸ್ಸಲ್ಲಿ ಕೋಪ ಇರಕೂಡದು.”

“ಅರ್ಜೀಲಿ ಕೋಪ ಬರಿಯಕ್ಕೆ ಜಾಗ ಎಲ್ಲದೆ ಸಾ?” ಎಂದಳು ಇವಳು. ಅವರು ಅದನ್ನು ಒಪ್ಪಿಗೆ ಎಂದುಕೊಂಡರು.

ಇಪ್ಪತ್ತಾರು ದಿನ ನಾವಿಬ್ಬರೂ ಕೊಳ್ಳೇಗಾಲ, ಹನೂರು, ಸುತ್ತಿನ ಹಳ್ಳಿಗಳನ್ನು ತಿರುಗಿದೆವು. “ಎಸರೇನವ್ವ? ಯಾವೂರವ್ವ?” ಎಂದು ಅವಳು ಕೇಳುವಳು, ಬರೆಯುವಳು. ನಾನು ಮಸಿಯ ಡಬ್ಬಿ ಹಿಡಿಯುತ್ತಿದ್ದೆ. ನಾನೂರ ಹನ್ನೆರಡು ಹೆಂಗಸರಾದರು. ಹೆಬ್ಬೆಟ್ಟುಗಳೂ ಬಹಳ ಇದ್ದವು. ಮೊದಲ ಹೆಸರು ನನ್ನದು: ವೀರಮ್ಮ, ಹೊನ್ನೂರು.

ನಮ್ಮ ತಪ್ಪು ಅಲ್ಲೇ ಇತ್ತು. ನಮ್ಮ ಕಡೆ ಹೆಂಗಸನ್ನು ಯಾವೂರು ಎಂದು ಕೇಳಿದರೆ ತವರನ್ನೇ ಹೇಳುತ್ತಾಳೆ. ಗಂಡನ ಊರಲ್ಲಿ ನಲವತ್ತು ವರ್ಷ ಬಾಳಿ ಮಗಳ ಮಗಳನ್ನು ಎತ್ತಿಕೊಂಡಿದ್ದರೂ ಅವಳ ಊರು ತವರೇ. ಹೇಳುವವರಿಗೂ ಬರೆಯುವವಳಿಗೂ ಅದು ತಪ್ಪೆಂದು ತೋರಲಿಲ್ಲ. ಹೊನ್ನೂರಿನವಳಾದ ನನಗಂತೂ ತೋರಲೇ ಇಲ್ಲ.

ಅರ್ಜಿ ಹಿಡಿದು ಸತ್ತೇಗಾಲಕ್ಕೆ ಹೋದೆವು. ಪುಟ್ಟಮಲ್ಲಪ್ಪ ಜಗಲಿಯ ಮೇಲೆ ಕುಳಿತಿದ್ದ, ನಾವು ಕೆಳಗೆ ನಿಂತಿದ್ದೆವು. ರಂಗನಾಯಕರಿಗೆ ಮಾತ್ರ ಕುರ್ಚಿ ಹಾಕಿಸಿದ. ಹಾಳೆ ತಿರುವುತ್ತಾ ಹೋದವನು ಒಮ್ಮೆಗೇ ನಕ್ಕ.

“ವೀರಮ್ಮ ಯಾರು?”

“ನಾನೇ ಬುದ್ದಿ.”

“ಒನ್ನೂರು ಯಾವ ಸೀಮೇಲದೆ?”

“ಯಳಂದೂರು ತಾಲ್ಲೂಕು.”

“ಅಂದ್ರೆ ಮೈಸೂರು. ಇಲ್ನೋಡು, ಮಾಂಬಳ್ಳಿ, ಅಗರ, ಯಳಂದೂರು, ಮತ್ತೆ ಒನ್ನೂರು. ಅರ್ಧಕ್ಕರ್ಧ ಪರಸೀಮೆ. ನಾ ಮದ್ರಾಸಿನ ಮೆಂಬರು ಕಣಮ್ಮಿ, ಮೈಸೂರೋರ ಅರ್ಜಿ ಇಡ್ಕಂಡೋದ್ರೆ ಸಭೇಲಿ ನನ್ನ ಉಚ್ಚ ಅಂದಾರು.” ಆಮೇಲೆ ಇವಳ ಕಡೆ ತಿರುಗಿದ. “ನನ್ ತಮ್ಮನ ಎಡ್ತಿ ಮೇಡಮ್ಮಾಗವ್ಳೆ, ಊರು ಯಾವ ಸೀಮೇಲದೆ ಅನ್ನದು ಗೊತ್ತಿಲ್ಲ. ಎಬ್ಬೆಟ್ಟು ಒತ್ತದ ಮಾತ್ರ ಸೆಂದಾಗಿ ಕಲ್ಸಿದೀಯ ಬುಡು.”

ಆಳುಗಳು ನಕ್ಕರು. ಅರ್ಜಿಯನ್ನು ಕೈಗೆ ಕೊಡದೆ ಮೆಟ್ಟಿಲ ಮೇಲೆ ಹಾಕಿದ. ಚಿಕ್ಕಬಸಮ್ಮ ಬಗ್ಗಿ ಒಂದೊಂದೇ ಹಾಳೆ ಎತ್ತಿಕೊಂಡಳು. ನನಗೆ ಅವನ ಮೇಲೆ ಅಂದು ಹತ್ತಿದ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ.

ಕೊಳ್ಳೇಗಾಲದಲ್ಲಿ ಬಸ್ಸಿಳಿದ ಮೇಲೆ ಅವಳು ರಂಗನಾಯಕರಿಗೆ, “ಸಾ, ವೋಟಿನ ಪಟ್ಟಿ ತರ್ಸಿಕೊಡಿ,” ಎಂದಳು.

ಎರಡನೆಯ ಸಲ ಹತ್ತೊಂಬತ್ತು ದಿನ. ಈ ಸಲ ಯಾವೂರು ಎಂದು ಕೇಳಲಿಲ್ಲ. ಯಾರ ಮನೆ, ಯಾವ ಬೀದಿ, ವೋಟಿನ ಪಟ್ಟಿಯಲ್ಲಿ ಎಷ್ಟನೆಯ ನಂಬರು ಎಂದು ಬರೆದಳು. ಹೆಬ್ಬೆಟ್ಟು ಒಂದೂ ಬೇಡವೆಂದಳು. ರುಜು ಹಾಕಬಲ್ಲವರು ಇನ್ನೂರ ಅರವತ್ತೆಂಟೇ ಜನ. ರಂಗನಾಯಕರಿಗೆ ಕಸಿವಿಸಿಯಾಯಿತು.

“ಸಂಖ್ಯೆ ಕಡಿಮೆ ಆಯ್ತಲ್ಲಮ್ಮಾ?”

“ಎಬ್ಬೆಟ್ಟಿಗೆ ಅವ ಎದರಲ್ಲ ಸಾ. ಅದನ್ನ ಎಂಗೆ ಬಳಸ್ಕೊಬೇಕು ಅಂತ ಅವನಿಗೆ ಗೊತ್ತದೆ.”

ಅಷ್ಟೇ ಅಲ್ಲದೆ ಅವಳು ಇನ್ನೊಂದು ಕೆಲಸ ಮಾಡಿದಳು. ಅದು ರಂಗನಾಯಕರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಪುಟ್ಟಮಲ್ಲಪ್ಪನ ಹೆಂಡತಿ ಪುಟ್ಟಬಸಮ್ಮ ಬೆಳಿಗ್ಗೆ ಸತ್ತೇಗಾಲದ ಹೊಳೆಗೆ ಬಟ್ಟೆ ತರುತ್ತಿದ್ದಳು. ಚಿಕ್ಕಬಸಮ್ಮ ಮೊದಲ ಬಸ್ಸಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ ಅವಳಿಗೆ ಅಕ್ಷರ ತಿದ್ದಿಸಿದಳು. ಬರೆದದ್ದು ಬಿಸಿಲಿಗೆ ಆರಿಹೋಗುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೆಸರಿನ ಐದು ಅಕ್ಷರಕ್ಕೆ ಹನ್ನೊಂದು ದಿನ.

“ಅವ ಅವಳ ಸುಮ್ಕೆ ಬುಟ್ಟಾನಾ?” ಎಂದು ನಾನು ಕೇಳಿದೆ. “ಪಾಪದವಳು ಕಣಮ್ಮಿ.”

“ಪಾಪದವಳಾ? ನನ್ ಕೈ ಇಡ್ಕಂಡು ಆ ಕಾಗ್ದದ ಮ್ಯಾಲೆ ಒತ್ತಿಸ್ದೋಳು ಅವಳೇಯ.”



ಹನ್ನೆರಡನೆಯ ದಿನ ನಾನೂ ಹೊಳೆಗೆ ಹೋದೆ. ಚಿಕ್ಕಬಸಮ್ಮ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ ಹೇಳಿದಳು. “ತಿಳೀತಾ? ನಿನ್ ಗಂಡ ಸಿಟ್ಟಾಗ್ತಾನೆ. ಮನೆಯಿಂದ ಆಚಿಗೂ ಆಕ್ಬೋದು. ಒಲ್ಲೆ ಅಂದ್ರೆ ಈಗ್ಲೇ ಅಂದ್ಬುಡು.”

ಪುಟ್ಟಬಸಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಕೊಡಿಲ್ಲಿ. ನೀ ನಂಗೆ ಓದಾದ್ರೂ ಏಳ್ದೆ. ನಾ ನಿಂಗೆ ಏಳ್ಲಿಲ್ಲ.” ಮೊದಲ ಹಾಳೆಯ ಮೇಲ್ಗಡೆ ಬಿಟ್ಟಿದ್ದ ಜಾಗದಲ್ಲಿ ಐದು ಅಕ್ಷರ ಬರೆದಳು. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತ್ತು.

ಕೊಡಬೇಕಾದ ಜಾಗವನ್ನೂ ದಿನವನ್ನೂ ಚಿಕ್ಕಬಸಮ್ಮನೇ ಗೊತ್ತುಮಾಡಿದಳು. ಪುಟ್ಟಮಲ್ಲಪ್ಪನ ಗದ್ದೆಯಲ್ಲಿ ಮಾಘ ಮಾಸದಲ್ಲಿ ಆಲೆಮನೆ ಹೂಡುತ್ತಾರೆ, ಕಬ್ಬು ಅರೆದು ಬೆಲ್ಲ ಕಾಯಿಸುತ್ತಾರೆ. ಮೊದಲ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಮೂರು ಊರಿನ ಜನ ಸೇರುತ್ತಾರೆ. ಆ ಹೊತ್ತಿನಲ್ಲಿ ಬಂದು ಕೇಳಿದವರಿಗೆ ಯಜಮಾನ ಇಲ್ಲ ಎನ್ನಬಾರದು. ಇಲ್ಲವೆಂದರೆ ವರ್ಷವೆಲ್ಲ ಬೆಲ್ಲ ಕಟ್ಟುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಕೇಳುವವರು ಸಾಮಾನ್ಯವಾಗಿ ಒಂದು ಅಚ್ಚು ಬೆಲ್ಲ ಕೇಳುತ್ತಾರೆ.

ಅಂದು ರಂಗನಾಯಕರು ಪುಟ್ಟಮಲ್ಲಪ್ಪನಿಗೆ ಹೂವಿನ ಹಾರ ಹಾಕಿದರು. ಚಿಕ್ಕಬಸಮ್ಮ ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಅರ್ಜಿ ಹಿಡಿದು, “ಭಾವ, ಎಲ್ರೂ ಕೇಳಂಗೆ ಓದಿ,” ಎಂದಳು. ಅವರು ಹೇಳಿದ್ದಕ್ಕಿಂತ ಹೆಚ್ಚೇ ಬಗ್ಗಿದ್ದಳು.

ಅವನಿಗೆ ಮತ್ತೆ ನಗಿಸುವ ಆಸೆ. “ಈ ಸಲ ಯಾವ ಸೀಮೆಯಿಂದ ತಂದಿದೀಯೆ, ಮಲೆಯಾಳ್ದಿಂದಲಾ?” ಎಂದು ಗಂಟಲೆತ್ತಿ ಓದತೊಡಗಿದ. “ಒಂದು. ಪುಟ್ಟಬಸಮ್ಮ, ಸತ್ತೇಗಾಲ, ಮೆಂಬರ್ ಪುಟ್ಟಮಲ್ಲಪ್ಪನ—” ಅಲ್ಲಿಗೆ ನಿಂತ.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಮುದುಕ ದೊಡ್ಡಮಾದಪ್ಪ ತಿರುಗಿ ನೋಡಿದ. “ಯಾಕ್ ಬುದ್ದಿ ನಿಂತೋಯ್ತು? ಗಾಣ ತಿರುಗ್ತಾನೇ ಅದೆಯಲ್ಲ!”

ಎಲ್ಲರೂ ನಕ್ಕರು. ಹಿಂದಿನ ಸಲ ನಮ್ಮನ್ನು ನೋಡಿ ನಕ್ಕ ಆಳುಗಳೇ ನಕ್ಕರು.

“ಅದು ಎಬ್ಬೆಟ್ಟಲ್ಲ ಭಾವ, ರುಜು,” ಎಂದಳು ಚಿಕ್ಕಬಸಮ್ಮ. “ಓದ್ಸಿ ಕೇಳಿ ಆಕವ್ಳೆ. ನಿಮ್ ಮನೆಯೋರೇ ಕೇಳ್ತಾವ್ರೆ, ಕೊಪ್ಪರಿಗೆ ಮುಂದೆ ಕೇಳ್ತಾವ್ರೆ. ಸಭೇಲಿ ಮಾತಾಡ್ತೀರೋ ಇಲ್ವೋ?”

“ಆಡ್ತೀನಿ.”

“ಬರ್ದುಕೊಡಿ.”

“ಬಾಯ್ ಮಾತು ಸಾಲ್ದಾ?”

“ಈ ಮನೇಲಿ ಸಾಲಾಕಿಲ್ಲ.”

ಅವನು ಕುಕ್ಕುರುಗಾಲಲ್ಲಿ ಕುಳಿತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ತಲೆ ಬಗ್ಗಿಸಿ ಬರೆದ. ಅವಳು ಅವನ ಎದುರು ನೇರವಾಗಿ ನಿಂತು, ಬರೆಯುವಷ್ಟು ಹೊತ್ತೂ ಅವನ ನೆತ್ತಿಯನ್ನೇ ನೋಡಿದಳು. ನನಗೆ ಮೂರು ಮಕ್ಕಳಾಗಿವೆ. ಅವು ಹುಟ್ಟಿದಾಗಲೂ ಅಷ್ಟು ಸಂತೋಷವಾಗಿರಲಿಲ್ಲ ಎಂದರೆ ಸುಳ್ಳಲ್ಲ. ಅವಳು ಬರೆದದ್ದನ್ನು ಈಸಿಕೊಂಡು, ಜನಕ್ಕೆಲ್ಲ ಕೇಳುವ ಹಾಗೆ ಓದಿ, ಒಂದು ಅಕ್ಷರ ಬಿಟ್ಟುಹೋಗಿದೆಯೆಂದು ವಾಪಸು ಕೊಟ್ಟಳು. ಅವನು ಅದನ್ನೂ ತಿದ್ದಿದ.

ಮಾರ್ಚಿಯಲ್ಲಿ ಅವನು ಎದ್ದು ಮಾತಾಡಿದ, ಉಳಿದ ಇಬ್ಬರೂ ಮಾತಾಡಿದರು. ಗ್ರಾಂಟು ಉಳಿಯಿತು. ಪಾಠದ ಮನೆ ಇವತ್ತಿಗೂ ನಡೆಯುತ್ತಿದೆ.

ಆದರೆ ಆಲೆಮನೆಯಾದ ಮೂರನೆಯ ದಿನವೇ ಪುಟ್ಟಬಸಮ್ಮ ಒಂದು ಗಂಟು ಹಿಡಿದು ಪಾಠದ ಮನೆಯ ಬಾಗಿಲಿಗೆ ಬಂದಿದ್ದಳು. ಎಡಗೆನ್ನೆ ಊದಿತ್ತು. ಚಿಕ್ಕಬಸಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬಾ, ಕಾಲು ತೊಳ್ಕೊ,” ಎಂದಳು. ಹಿಂದಿನ ಕೋಣೆ ಕೊಟ್ಟಳು. ಇಬ್ಬರೂ ಒಂದೇ ಒಲೆಯ ಅನ್ನ ಉಂಡರು. ಪಾಠ ಬಿಟ್ಟು ಬೇರೆ ಮಾತು ಅವರ ನಡುವೆ ನಾನು ಕೇಳಿದ್ದು ಕಡಿಮೆ. ನಾಲ್ಕು ತಿಂಗಳಲ್ಲಿ ಪುಟ್ಟಬಸಮ್ಮ ಎರಡನೆಯ ಪುಸ್ತಕ ಮುಗಿಸಿದಳು.

ಸತ್ತೇಗಾಲದ ಆ ಮನೆಯಲ್ಲಿ ದೀಪ ಹಚ್ಚುವವರಿಲ್ಲದಂತಾಯಿತು. ಹೆಂಡತಿಯನ್ನು ಕಳಕೊಂಡ ಮೆಂಬರೆಂದು ಜನ ಹಿಂದೆ ಆಡಿಕೊಂಡರು. ಅವನು ನೆಂಟ ಗುರುಪಾದಸ್ವಾಮಿಯನ್ನು ರಾಜಿಗೆ ಕಳಿಸಿದ.

“ಆದದ್ದಾಯ್ತು ಕಣವ್ವ, ಕಳ್ಸಿಕೊಡು,” ಎಂದರು ಅವರು.

“ಅವನೇ ಬರ್ಲಿ ಸ್ವಾಮಿ. ನಮ್ ಜಗಲಿ ಕೆಳೀಕೆ ನಿಂತ್ಕಂಡು ಕೇಳ್ಲಿ,” ಎಂದಳು ಇವಳು. ಅವನು ಬರಲಿಲ್ಲ. ಅವನು ಬಾರದಿದ್ದಷ್ಟು ದಿನವೂ ಇವಳಿಗೆ ಅನ್ನ ರುಚಿಸಿತು. ನಾನು ಕಣ್ಣಾರೆ ಕಂಡೆ, ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು.

ಐವತ್ತೈದರಲ್ಲಿ ಯೂನಿವರ್ಸಿಟಿಯವರು ಪಾಲಾರಿನಲ್ಲಿ ಇನ್ನೊಂದು ಪಾಠ ತೆರೆಯಲು ಅವಳನ್ನು ಕಳಿಸಿದರು. ಅಲ್ಲಿಯ ಹೆಂಗಸರು ಅರ್ಧ ತಮಿಳು, ಅರ್ಧ ಕನ್ನಡ. ಎರಡರಲ್ಲೂ ಬಯ್ಯಲು ಕಲಿತೆನೆಂದು ನನಗೆ ಕಾರ್ಡು ಬರೆದಿದ್ದಳು. ಐದು ತಿಂಗಳಿಗೆ ಕಾಡಿನ ಚಳಿಜ್ವರ ಹಿಡಿಯಿತು. ಗಾಡಿಯಲ್ಲಿ ಮಲಗಿಸಿ ಹನೂರಿನ ತವರಿಗೆ ತಂದರು. ಸುದ್ದಿ ಕೇಳಿ ನಾನು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಜ್ವರ ಆಗ ಬಿಟ್ಟಿತ್ತು, ಮಾತು ಸ್ಪಷ್ಟವಾಗಿತ್ತು. ಗಂಜಿ ಕುಡಿಸಿದೆ. ಪಾಠದ ಮನೆಯ ಸಮಾಚಾರ ಒಂದೊಂದಾಗಿ ಕೇಳಿದಳು. ಕೊನೆಗೆ ಪುಟ್ಟಬಸಮ್ಮನ ವಿಷಯ ಕೇಳಿದಳು.

“ಸೆಂದಾಗವ್ಳೆ. ಈಗ ಚಿಕ್ಕೋರಿಗೆ ಅವಳೇ ತಿದ್ದಿಸ್ತಾಳೆ,” ಎಂದೆ.

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಕೈಯಲ್ಲಿ ಬಲವಿತ್ತು.

“ಅವಳ ಮನ್ಸು ಮೆತ್ತಗದು ಕಣಕ್ಕ. ನಾನಿಲ್ಲ ಅಂತ ಗೊತ್ತಾದ್ರೆ ಆ ಬಡ್ಡೀಮಗ ಗಾಡಿ ಕಳುಸ್ತಾನೆ, ಅವಳು ಗಾಡಿ ಅತ್ಕಂಡು ಓಯ್ತಾಳೆ. ಆಗ ನೀವು ಎತ್ತಿನ ಮುಂದುಕ್ಕೆ ನಿಂತ್ಕೊತೀರಾ?”