ಖಾಡಿಗೆ ಹೋದ ಕೀ

ನನ್ನ ಗಂಡನಷ್ಟು ಶ್ರದ್ಧೆಯಿಂದ ಆಯುಧಪೂಜೆ ಮಾಡುವವರು ಇಡೀ ಡೊಂಬಿವಲಿಯಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ನೌಪಾಡಾದಲ್ಲಿ ಅವರದೊಂದು ಸಣ್ಣ ಹೋಟೆಲು. ಅಲ್ಲಿಯ ಗ್ರೈಂಡರಿಗೆ, ದೋಸೆ ಕಾವಲಿಗೆ ಪೂಜೆ ಮುಗಿಸಿ ಬಂದ ಮೇಲೂ ಅವರಿಗೆ ಸಮಾಧಾನವಿಲ್ಲ. ಮನೆಯಲ್ಲಿರುವ ಕೀಗಳನ್ನೆಲ್ಲ ಒಂದು ಹರಿವಾಣದಲ್ಲಿ ಗುಡ್ಡೆ ಹಾಕಿ, ಕುಂಕುಮ ಹಚ್ಚಿ, ಸೇವಂತಿಗೆಯಲ್ಲಿ ಮುಳುಗಿಸುತ್ತಾರೆ. ದೇವರ ಹೂವನ್ನು ಕಸದ ಡಬ್ಬಿಗೆ ಹಾಕುವಂತಿಲ್ಲವಲ್ಲ, ಮರುದಿನ ಅದನ್ನು ಚೀಲದಲ್ಲಿ ಕಟ್ಟಿಕೊಂಡು ಹೋಟೆಲಿಗೆ ಹೋಗುವ ಲೋಕಲ್ ರೈಲು ಹತ್ತುತ್ತಾರೆ. ಕಳವಾ ದಾಟಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ಬಂದೊಡನೆ ಬಾಗಿಲಲ್ಲಿ ನಿಂತು ಚೀಲವನ್ನು ನೀರಿಗೆ ಎಸೆದು ಕೈಮುಗಿಯುತ್ತಾರೆ. ಹಾಗೆಲ್ಲ ಎಸೆಯಬಾರದು ಎಂದು ಎಷ್ಟು ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಹೋದ ವರ್ಷ ಆ ಹೂವಿನ ಜೊತೆ ನಮ್ಮ ಕಬ್ಬಿಣದ ಕಪಾಟಿನ ಕೀಯೂ ಹೋಯಿತು.

ಅದು ಗೊತ್ತಾದದ್ದು ಮಗಳ ಸೀಮಂತದ ಹಿಂದಿನ ದಿನ. ಆ ಕಪಾಟನ್ನು ನಾವು ತೆಗೆಯುವುದೇ ಮದುವೆ ಮುಂಜಿಗೆ. ಒಳಗೆ ಅತ್ತೆಯ ಹಸಿರು ರೇಷ್ಮೆ ಸೀರೆ ಇತ್ತು. ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಅತ್ತೆ ತಮ್ಮ ಸೀಮಂತಕ್ಕೆ ಉಟ್ಟದ್ದು, ಮಗಳು ಹೊಟ್ಟೆಯಲ್ಲಿದ್ದಾಗ ನಾನು ಉಟ್ಟದ್ದು. ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ. ಮದುವೆಯಾಗಿ ಸೀವುಡ್ಸ್‌ನ ಮರಾಠಿ ಮನೆ ಸೇರಿದ ಮೇಲಂತೂ ಇಬ್ಬರ ಮಾತು ಇನ್ನೂ ಕಡಿಮೆಯಾಗಿತ್ತು. ಅಂಥವಳು ತಾನಾಗಿ ಫೋನು ಮಾಡಿ, ಅಲ್ಲಿ ನಡೆಯುವ ಸೀಮಂತಕ್ಕೆ ಅಜ್ಜಿಯ ಸೀರೆಯನ್ನೇ ಉಡುತ್ತೇನೆ ಎಂದಿದ್ದಳು. ಅತ್ತೆಗೆ ಹಿಗ್ಗೋ ಹಿಗ್ಗು. ಬಿಲ್ಡಿಂಗಿನ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸಿ ಬಂದಿದ್ದರು.

ಅಕ್ಕಿ ಡಬ್ಬಿ, ದೇವರ ಗೂಡು, ಹಾಸಿಗೆಯ ಅಡಿ ಎಲ್ಲ ಹುಡುಕಿದ್ದಾಯಿತು. ಕೊನೆಗೆ ಗಂಡ ಸೋಫಾದ ಮೇಲೆ ಕುಸಿದು ಕೂತರು.

"ಆ ದಿನ ಚೀಲ ಸ್ವಲ್ಪ ಭಾರ ಇತ್ತು ಮಾರಾಯ್ತಿ."

"ಹೂವು ಎಲ್ಲಿಯಾದ್ರೂ ಭಾರ ಇರ್ತದಾ? ಕೈಮುಗಿಯುವ ಮೊದಲು ಒಮ್ಮೆ ಚೀಲದೊಳಗೆ ನೋಡ್ಲಿಕ್ಕೆ ನಿಮಗೆಂತ?" ಎಂದು ರೇಗಿದೆ.

ಸ್ಟೇಷನ್ ಹತ್ತಿರ ಕೂರುವ ಕೀ ಮಾಡುವವನು ಊರಿಗೆ ಹೋಗಿದ್ದ. ಗಂಡ ಸುತ್ತಿಗೆ ತಂದರು. ಅತ್ತೆ ಕಪಾಟಿಗೆ ಬೆನ್ನುಕೊಟ್ಟು ನಿಂತುಬಿಟ್ಟರು.

"ಬಸುರಿ ಹೆಂಗಸು ಇರುವಾಗ ಮೊಳೆ ಹೊಡೆಯುದು, ಬೀಗ ಒಡೆಯುದು ಉಂಟಾ? ಕೆಳಗಿಡು ಅದನ್ನು."

"ಅವಳಿರುದು ಸೀವುಡ್ಸ್‌ನಲ್ಲಿ ಅಮ್ಮಾ."

"ಇದು ಅವಳ ತವರುಮನೆ ಅಲ್ವಾ? ಇಲ್ಲಿ ಪೆಟ್ಟು ಬಿದ್ರೆ ಅಲ್ಲಿಗೆ ತಾಗ್ತದೆ."

ಸೀರೆ ಬೇಕೇ ಬೇಕು, ಬೀಗ ಒಡೆಯಲೇಬಾರದು. ಗಂಡ ಸುತ್ತಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಅತ್ತೆ ಅಲ್ಲೇ ನೆಲದ ಮೇಲೆ ಕೂತು, "ಬಿಡು, ಅವಳ ಅತ್ತೆ ತಂದ ಸೀರೆ ಉಟ್ಕೊಳ್ತಾಳೆ. ಇನ್ನು ನನ್ನ ಹತ್ರ ಎಂತ ಕೇಳ್ತಾಳೆ ಅವಳು" ಎಂದು ಕಣ್ಣೊರೆಸಿಕೊಂಡರು.

ಆಗ ನೆನಪಾಯಿತು, ಬಿಲ್ಡಿಂಗಿನ ಅರ್ಧ ಕಪಾಟುಗಳು ಬಂದದ್ದು ಒಂದೇ ಅಂಗಡಿಯಿಂದ. ಮೆಟ್ಟಿಲಲ್ಲಿ ನಿಂತು, ಎಲ್ಲರೂ ಕಪಾಟಿನ ಕೀ ತನ್ನಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಹೆಂಗಸರೆಲ್ಲ ತಂತಮ್ಮ ಕೀ ಗೊಂಚಲು ಹಿಡಿದು ಬಂದರು. ಒಬ್ಬರ ಕೀ ಒಳಗೇ ಹೋಗಲಿಲ್ಲ, ಒಬ್ಬರದು ಹೋಗಿ ತಿರುಗಲಿಲ್ಲ, ಇನ್ನೊಬ್ಬರದು ತಿರುಗದೆ ಹೊರಗೂ ಬಾರದೆ ಕೂತಿತು. ಅದಕ್ಕೆ ತೆಂಗಿನೆಣ್ಣೆ ಬಿಟ್ಟು ಎಳೆದದ್ದಾಯಿತು. ಅಷ್ಟರಲ್ಲಿ ಯಾರೋ ಚಕ್ಕುಲಿ ತಂದರು, ನಾನು ಚಹಾ ಇಟ್ಟೆ, ಸೀಮಂತ ನಮ್ಮ ಮನೆಯಲ್ಲೇ ಎನ್ನುವಷ್ಟು ಗದ್ದಲ. ಕೊನೆಗೆ ಬಂದವರು ಮೂರನೇ ಮಹಡಿಯ ಕಲಬುರ್ಗಿಯ ಅಕ್ಕ. ಅವರು ತಮ್ಮ ಕೀಯನ್ನು ಹಾಕಿ ತಿರುಗಿಸಿದ್ದೇ ತಡ, ಬೀಗ ಕಟಕ್ ಎಂದಿತು.

"ಅಯ್ಯ ಶಿವನೇ! ಇಷ್ಟು ವರ್ಷ ನಿಮ್ಮ ಕಪಾಟಿನ ಕೀಲಿ ನನ್ನ ಸೊಂಟದಾಗ ಇತ್ತಲ್ರಿ! ನನಗ ಗೊತ್ತ ಇರಲಿಲ್ಲ ನೋಡ್ರಿ!"

"ನಿಮ್ಮ ಕಪಾಟಿನದ್ದೂ ನನ್ನ ಹತ್ತಿರ ಇತ್ತು ಅಕ್ಕಾ. ಈಗ ಖಾಡಿಯಲ್ಲುಂಟು" ಎಂದೆ.

ಎಲ್ಲರೂ ಬಿದ್ದು ಬಿದ್ದು ನಗುತ್ತಿರುವಾಗಲೇ ಅತ್ತೆ ಸೀರೆಯನ್ನು ಹೊರತೆಗೆದು ಕೊಡವಿದರು. ಅದು ಮಡಿಕೆಯ ಉದ್ದಕ್ಕೂ ಪರ್ರನೆ ಹರಿಯಿತು. ವರ್ಷಗಟ್ಟಲೆ ಮಡಿಕೆ ಬದಲಿಸದೆ ಇಟ್ಟ ರೇಷ್ಮೆ ಅದು.

ಅತ್ತೆ ಅಳಲಿಲ್ಲ. ಮಗಳಿಗೆ ವಿಡಿಯೋ ಕಾಲ್ ಮಾಡಲು ಹೇಳಿದರು. ಹರಿದ ಜಾಗವನ್ನೇ ಮುಂದೆ ಹಿಡಿದು, "ಹರಿದು ಹೋಯ್ತು ಮಗಾ. ನೀನು ನಿನ್ನ ಅತ್ತೆ ತಂದದ್ದೇ ಉಟ್ಕೋ" ಎಂದರು.

ಮಗಳು ಮುಖವನ್ನು ಹತ್ತಿರ ತಂದು ನೋಡಿದಳು. ತುಟಿ ಅಲ್ಲಾಡಿತು, ನಿಂತಿತು. ಅವಳು ಕನ್ನಡದ ಶಬ್ದ ಹುಡುಕುತ್ತಿರುವುದು ನನಗೆ ಗೊತ್ತಾಯಿತು.

"ಅಜ್ಜಿ, ಹರಿದದ್ದು... ಪ್ಲೀಟ್ಸ್ ಒಳಗೆ ಹೋಗ್ತದೆ. ನನಗೆ ಅದೇ ಬೇಕು. ನೀವೇ ಉಡಿಸ್ಬೇಕು."

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡರು. "ಎಂತ ಹೇಳಿದಿ? ಸರಿ ಕೇಳ್ಲಿಲ್ಲ. ಇನ್ನೊಮ್ಮೆ ಹೇಳು."

ಮಗಳು ಜೋರಾಗಿ ಇನ್ನೊಮ್ಮೆ ಹೇಳಿದಳು. ಅತ್ತೆಯ ಕಿವಿ ನನ್ನದಕ್ಕಿಂತ ಚುರುಕು. ಆದರೂ ಮೂರನೆಯ ಸಲವೂ ಹೇಳಿಸಿಕೊಂಡರು.