ಸಾವಕಾರರ ಹಸಿ ತೂಕ

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನಮ್ಮ ಸಾವಕಾರ ಶಿದ್ರಾಮಪ್ಪನವರಷ್ಟು ತೂಕದ ಮನುಷ್ಯ ಇನ್ನೊಬ್ಬರಿಲ್ಲ. ಇದು ಹೊಗಳಿಕೆಯಲ್ಲ, ಕಾಟಾ ಹೇಳುವ ಮಾತು: ನೂರಾ ನಾಲ್ಕು ಕಿಲೊ. ನಾನು ಅವರ ಅಂಗಡಿಯ ಗುಮಾಸ್ತ. ಬೆಲ್ಲದ ಪೆಂಟಿ, ಅಂದರೆ ಅಚ್ಚು, ತೂಗುವ ಕಾಟಾದ ಮೇಲೆಯೇ ಅವರೂ ನಿಲ್ಲುತ್ತಾರೆ, ನಾನು ಅಂಕಿ ಓದುತ್ತೇನೆ. ಈ ಸಲ ಹೋಳಿಯ ದಿನ ತಮಾಷೆಗೆಂದು ನಾವೆಲ್ಲ ಅದನ್ನು ಹತ್ತಿದೆವು. ಹಮಾಲ ಗೂಳಪ್ಪ ಐವತ್ತೆಂಟು ತೂಗಿದ್ದ.

ಅದೇ ವಾರ ಮುಧೋಳದ ಡಾಕ್ಟರು ಸಾವಕಾರರಿಗೆ ಖಡಾಖಂಡಿತವಾಗಿ ಹೇಳಿದರು: ಎರಡು ತಿಂಗಳಲ್ಲಿ ಹತ್ತು ಕಿಲೊ ಇಳಿಯದಿದ್ದರೆ ದಿನಾ ಇನ್ಸುಲಿನ್ ಸೂಜಿ. ಸೂಜಿ ಎಂದರೆ ನಮ್ಮ ಸಾವಕಾರರಿಗೆ ಜೀವ ಬಾಯಿಗೆ ಬರುತ್ತದೆ. ನಡೆಯುವುದು ಎಂದರೂ ಅಷ್ಟೇ. ಕೊನೆಗೆ ಬೆಲ್ಲದಿಂದಲೇ ಒಂದು ಉಪಾಯ ಹೊಳೆಯಿತು. ಹಸಿ ಬೆಲ್ಲ ಒಣಗಿದಂತೆ ತೂಕ ಇಳಿಯುತ್ತದೆ. ಅದಕ್ಕೇ ರೈತ ತಂದ ಮಾಲಿನಲ್ಲಿ ಹಸಿಯ ಬಾಬತ್ತು ಎಂದು ನಾವು ತೂಕದಲ್ಲಿ ಒಂದಿಷ್ಟು ಮುರಿದುಕೊಳ್ಳುವುದು. ಬೆಲ್ಲ ಇಳಿಯುವುದಾದರೆ ಮಾಲೀಕ ಯಾಕೆ ಇಳಿಯಬಾರದು?

ಏಪ್ರಿಲ್ ಬಿಸಿಲು ನಲವತ್ತೆರಡಕ್ಕೆ ಏರಿತ್ತು. ಸಾವಕಾರರು ಸ್ವೆಟರ್ ತೊಟ್ಟು, ಮೇಲೆ ಕಂಬಳಿ ಹೊದ್ದು, ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿ ಒಂದು ತಾಸು ಕೂತರು. ಇಳಿದು ಬಂದು ಕಾಟಾ ಹತ್ತಿದರೆ ಒಂದೂಕಾಲು ಕಿಲೊ ಕಡಿಮೆ!

"ನೋಡಿದೇನು? ಸೂರ್ಯ ಪುಕ್ಕಟ ಕೆಲಸ ಮಾಡಾಕತ್ತಾನ" ಎಂದರು.

ಇಷ್ಟು ಶಕ್ತಿ ಖರ್ಚಾದ ಮೇಲೆ ತುಂಬಿಕೊಳ್ಳಬೇಕಲ್ಲ? ಎರಡು ತಂಬಿಗೆ ಮಜ್ಜಿಗೆ, ಮೂರು ಗ್ಲಾಸು ಕಬ್ಬಿನ ಹಾಲು, ಒಂದು ತಟ್ಟೆ ಗಿರ್ಮಿಟ್ ಒಳಗೆ ಹೋದವು. ದಿನಾ ಇದೇ ನಡೆಯಿತು. ತಿಂದ ಮೇಲೆ ಕಾಟಾ ಹತ್ತುವ ಪದ್ಧತಿ ಇರಲಿಲ್ಲ.

ಅದೇ ಹೊತ್ತಿಗೆ ಕೆಳಗೆ ಗೂಳಪ್ಪ ಮೂರು ಪೆಂಟಿ, ಅಂದರೆ ಮೂವತ್ತು ಕಿಲೊ, ಬೆನ್ನಿಗೆ ಹೇರಿಕೊಂಡು ಗೋದಾಮಿನಿಂದ ಲಾರಿಗೆ ಸಾಗಿಸುತ್ತಿದ್ದ. ಒಂದು ದಿನ ಬಂದು ಕೈ ಮುಗಿದ.

"ಸಾವಕಾರ್ರ, ಹನ್ನೆರಡರಿಂದ ನಾಕರ ತನಕ ಬಿಡ್ರಿ. ಸಂಜಿ ಮುಂದ ಹೊರತೀನಿ. ಕಣ್ಣಿಗೆ ಕತ್ತಲಿ ಬರಾಕತ್ತೈತಿ."

"ಲೇ ಗೂಳ್ಯಾ, ನಾನೂ ಬಿಸಿಲಾಗ ಕೂತು ದಣಿಯಾಕತ್ತೇನಿ. ನನಗೊಂದು ಬಿಸಿಲು, ನಿನಗೊಂದು ಬಿಸಿಲು ಐತೇನು?"

ಗೂಳಪ್ಪ ತಲೆ ತಗ್ಗಿಸಿ ಹೋದ. ನಾನು ಲೆಕ್ಕದ ಪುಸ್ತಕದಲ್ಲಿ ಮುಖ ಹುದುಗಿಸಿದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ತಿಂಗಳು ಕಳೆದು ಡಾಕ್ಟರ ಹತ್ತಿರ ಹೋದರೆ ನೂರಾ ಆರು! ಸಾವಕಾರರು ಎದೆಗುಂದಲಿಲ್ಲ.

"ಡಾಕ್ಟರ್ರ, ಇದರಾಗ ಹಸಿ ಬಾಬತ್ತು ಒಂದು ನಾಕು ಕಿಲೊ ಮುರದ ಹಿಡೀರಿ."

ಡಾಕ್ಟರು ಕನ್ನಡಕ ತೆಗೆದು ಕೆಳಗಿಟ್ಟರು. "ಬೆವತ್ರ ಹೋಗೂದು ನೀರು, ಕೊಬ್ಬಲ್ರಿ. ಬಿಸಿಲಾಗ ಸುಮ್ನ ಕೂತ ಮೈಗೆ ಭಾಳ ಖರ್ಚಿಲ್ಲ. ಥಂಡಿಗೆ ನಡುಗಿದ್ರ ಮೈ ತನ್ನ ತಾ ಕಾಸ್ಕೊಳ್ಳಾಕ ಒಂದಿಷ್ಟು ಸುಡತೈತಿ. ಆದ್ರ ಖರೆ ಖರ್ಚು ಅಂದ್ರ ದುಡಿಮಿ."

ಇಷ್ಟರಲ್ಲಿ ಸಾವಕಾರರ ಕಿವಿಗೆ ಬಿದ್ದದ್ದು 'ಥಂಡಿ' ಒಂದೇ. ಮೂರನೆಯ ದಿನ ಅಂಗಡಿಯಲ್ಲಿ ಅವರು ಕೂರುವ ಗಾದಿಯ ಕೋಣೆಗೆ ಎಸಿ ಬಂತು. ಹದಿನಾರು ಡಿಗ್ರಿಗೆ ಇಟ್ಟು, ಬರೀ ಬನಿಯನ್ನಿನಲ್ಲಿ ಕೂತು ಗಡಗಡ ನಡುಗಿದರು. ಥಂಡಿಗೆ ಹಸಿವು ಕೆರಳಿತು. ಒಳಮನೆಯಿಂದ ಹೆಂಡತಿ ಮುತ್ತವ್ವ ಎರಡು ಸಲ ಮಿರ್ಚಿ ಭಜಿ ಕಳಿಸಿದರು, ಮೂರನೆಯ ಸಲ ತಾವೇ ಬಂದರು.

"ಹೊಟ್ಟಿ ಹಸಿಯಾಕತ್ತೈತಿ ಅಂದ್ರ ಕೊಬ್ಬು ಸುಡಾಕತ್ತೈತಿ" ಎಂದರು ಸಾವಕಾರರು.

"ಹಂಗಾರ ನಮ್ಮ ಎಮ್ಮಿ ಇಷ್ಟೊತ್ತಿಗೆ ಕಡ್ಡಿ ಆಗಬೇಕಿತ್ತು" ಎಂದು ಮುತ್ತವ್ವ ತಟ್ಟೆ ಇಟ್ಟು ಹೋದರು.

ಮರುದಿನ ಮಧ್ಯಾಹ್ನ ಗೂಳಪ್ಪ ಹೊರೆಯ ಸಮೇತ ಲಾರಿಯ ಮುಂದೆ ಕುಸಿದುಬಿದ್ದ. ಎತ್ತಿ ತಂದು ಎಸಿ ಕೋಣೆಯಲ್ಲಿ ಮಲಗಿಸಿದೆವು. ಮುತ್ತವ್ವ ಉಪ್ಪು, ಬೆಲ್ಲ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಅರ್ಧ ತಾಸಿಗೆ ಎದ್ದು ಕೂತ. ಸಾವಕಾರರ ಕಣ್ಣು ಅವನ ಎದೆಯ ಎಲುಬಿನ ಮೇಲೆ ನೆಟ್ಟಿತ್ತು.

"ಇವನ್ನ ಕಾಟಾ ಹತ್ತಸ್ರಿ" ಎಂದರು.

ಐವತ್ತೊಂದು. ನಾನು ಎರಡು ಸಲ ಓದಿದೆ. ಸಾವಕಾರರ ಮುಖ ಅರಳಿತು.

"ಏಳು ಕಿಲೊ! ಏನ್ ಮಾಡಿದಿ ಲೇ? ಏನ್ ತಿನ್ನೂದು ಬಿಟ್ಟಿ?"

"ನಿಮ್ಮ ಬೆಲ್ಲ ಹೊತ್ತೇನ್ರಿ" ಎಂದ ಗೂಳಪ್ಪ. "ಮತ್ತೇನಿಲ್ಲ."

"ಇಷ್ಟ ಹೌದಿಲ್ಲೋ?" ಎಂದು ಸಾವಕಾರರು ಧೋತರ ಎತ್ತಿ ಕಟ್ಟಿ, ಮೂರು ಪೆಂಟಿ ಬೆನ್ನಿಗೆ ಹಾಕಿಸಿಕೊಂಡು ಬಿಸಿಲಿಗಿಳಿದರು. ಲಾರಿ ಇಪ್ಪತ್ತು ಹೆಜ್ಜೆ ದೂರ. ಒಂದು ಹೊರೆ ಮುಟ್ಟಿಸಿದರು. ಎರಡನೆಯದಕ್ಕೆ ನಡುದಾರಿಯಲ್ಲೇ ಪೆಂಟಿ ಇಳಿಸಿ ನೆಲಕ್ಕೆ ಕೂತರು. ಗೂಳಪ್ಪನೇ ನೀರಿನ ತಂಬಿಗೆ ಹಿಡಿದು ಓಡಿದ.

"ದಿನಾ ಎಷ್ಟು ಸಲ ಹೊರತಿ?" ಉಸಿರು ಹಿಂದಿರುಗಿದ ಮೇಲೆ ಸಾವಕಾರರು ಕೇಳಿದರು.

"ಎಣಿಸಿಲ್ರಿ."

ಮರುದಿನದಿಂದ ಹನ್ನೆರಡರಿಂದ ನಾಲ್ಕರವರೆಗೆ ಕೆಲಸ ಬಂದ್. ಗೂಳಪ್ಪ ಕೇಳಿದ್ದು ಸಿಕ್ಕಿತು. ಗೋದಾಮಿನ ಬಾಗಿಲಿಗೆ ಸಾವಕಾರರು ಬೋರ್ಡನ್ನೂ ಬರೆಸಿದರು: 'ಮಾಲೀಕರ ಆರೋಗ್ಯ ಸರಿಯಿಲ್ಲದ ಕಾರಣ ಮಧ್ಯಾಹ್ನ ವಿಶ್ರಾಂತಿ.'

ಆ ಬೋರ್ಡಿನ ಕೆಳಗೇ ಗೂಳಪ್ಪ ದಿನಾ ಮಲಗುತ್ತಾನೆ. ಓದಲು ಅವನಿಗೆ ಚೆನ್ನಾಗಿ ಬರುತ್ತದೆ.