ಹುಣಸೆಯ ನೆರಳಿಗೆ ಬಂದ ಅಬ್ಬಲಿಗೆ

೧೯೩೭ರಲ್ಲಿ ನಾಲ್ಕನೆಯ ಇಯತ್ತೆಗೇ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಎತ್ತು ಹೂಡಲು ಕಲಿತ ಮೇಲೆ ಪಾಟಿ ಹಿಡಿದು ಕೂಡುವುದು ನನಗೆ ಸೇರಲಿಲ್ಲ. ಆಗ ತಡಸದ ನಮ್ಮ ಹಿತ್ತಲ ತುಂಬ ಒಂದೇ ಹುಣಸೆಮರದ ನೆರಳು. ಅವ್ವ ಸೇವಂತಿಗೆ ಹಚ್ಚಿದಳು, ಚೆಂಡುಹೂ ಹಚ್ಚಿದಳು. ಎಲ್ಲವೂ ಬಿಸಿಲು ಹುಡುಕಿ ಸೊರಗಿದವು.

ಆ ವರ್ಷ ಪಂಚಮಿಗೆ ಅಕ್ಕ ಮಾಸೂರಿನ ಗಂಡನ ಮನೆಯಿಂದ ಬರುವಾಗ ಸೆರಗಿನ ತುದಿಯಲ್ಲಿ ಅಬ್ಬಲಿಗೆಯ ಒಣ ತೆನೆಗಳನ್ನು ಕಟ್ಟಿಕೊಂಡು ಬಂದಳು. ಈಗಿನವರು ಕನಕಾಂಬರ ಅನ್ನುವ ಹೂ ಅದು.

"ಇದು ನೆಳ್ಳಾಗೂ ಬರ್ತೈತಿ ತಮ್ಮಾ. ನಿನ್ನ ತವರಾಗ ಒಂದು ಹೂವಿನ ಗಿಡಾನೂ ಇಲ್ಲೇನ ಅಂತ ನೆಗೆಣ್ಣಿ ದಿನಾ ಚಾಷ್ಟಿ ಮಾಡ್ತಾಳ. ಬರೂ ಪಂಚಮಿಗೆ ಇಲ್ಲೀ ಹೂವ ಮುಡ್ಕೊಂಡು ಹೋಗಬೇಕು ನಾ."

"ಬುಟ್ಟಿ ತುಂಬ ಕೊಡ್ತೇನಿ ತಗೋ," ಎಂದೆ, ಎಳ್ಳುಂಡಿ ಜಗಿಯುತ್ತ.

"ಬೀಜ ಬಿಡಿಸೂತನಕ ನೀರ ಮುಟ್ಟಸಬ್ಯಾಡ ಮತ್ತ."

"ನನಗ ಬಿತ್ತೂದು ಕಲಸ್ತೀಯೇನ?"

ಅವಳು ಊರಿಗೆ ಹೋದ ಮರುದಿನ ಮರದ ಕೆಳಗೆ ಮಡಿ ಮಾಡಿ, ದಾರ ಹಿಡಿದು ಸಾಲು ಹೊಡೆದೆ. ಹತ್ತಿಬೀಜಕ್ಕೆ ಸಗಣಿ ರಾಡಿ ಸವರಿ ಬಿತ್ತುವುದು ನಮ್ಮ ಕಡೆಯ ರೂಢಿ. ಬೀಜವೆಂದರೆ ಬೀಜ ಎಂದುಕೊಂಡು ತೆನೆಗಳನ್ನೆಲ್ಲ ಪರಾತದ ಸಗಣಿ ನೀರಿಗೆ ಸುರಿದೆ. ತುಸು ಹೊತ್ತು ಸುಮ್ಮನಿದ್ದವು. ಆಮೇಲೆ ಚಟ್! ಚಟ್ ಚಟ್! ನೀರು ತಾಗಿದ ಕಾಯಿಗಳು ಸಿಡಿದು ಬೀಜವೂ ಸಗಣಿಯೂ ಹಿತ್ತಲ ತುಂಬ ಹಾರಿದವು. ಶಿಗ್ಗಾಂವಿ ಸಂತೆಗೆಂದು ಹೊಸ ರುಮಾಲು ಸುತ್ತಿದ್ದ ಅಪ್ಪ ಅದೇ ಹೊತ್ತಿಗೆ ಅಲ್ಲಿಗೆ ಬಂದ.

"ಏನ್ಲೇ ಇದು, ಪಟಾಕಿ ಹಚ್ಚೀಯೇನ?" ಎಂದು ಮೀಸೆಯ ಮೇಲಿನ ಸಗಣಿ ಒರೆಸಿಕೊಂಡ.

"ಶಾಲಿ ಬಿಟ್ಟು ಬಂದಾನ್ರೀ, ದೊಡ್ಡ ರೈತ!" ಎಂದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನನಗೆ ಮಾತ್ರ ನಗು ಬರಲಿಲ್ಲ. ಪರಾತದಲ್ಲಿ ಉಳಿದದ್ದು ಬರೀ ಸಿಪ್ಪೆ. ಅಕ್ಕನಿಗೆ ಏನು ಹೇಳಲಿ?

ಆ ಸಿಪ್ಪೆಯನ್ನೇ ಸಾಲಿಗೆ ಸುರಿದು ಇಪ್ಪತ್ತು ದಿನವಾದರೂ ನನ್ನ ಮಡಿಯಲ್ಲಿ ಒಂದೂ ಹುಟ್ಟಲಿಲ್ಲ. ಒಂದು ಮುಂಜಾನೆ ಅವ್ವ ಕೂಗಿ ಕರೆದಳು. ಕೊಟ್ಟಿಗೆಯ ಗೋಡೆಯ ಬುಡ, ಬಚ್ಚಲ ಕಲ್ಲಿನ ಸಂದಿ, ಹುಣಸೆ ಬೇರಿನ ಮೂಲೆ, ಬೀಜ ಹಾರಿದಲ್ಲೆಲ್ಲ ಎರಡೆರಡು ಎಲೆ! ಒಂದನ್ನೂ ಕೀಳಲಿಲ್ಲ. ಬೇಸಿಗೆಯಿಡೀ ಕೆರೆಯ ನೀರು ಹೊತ್ತು ಹಾಕಿದೆ.

ಮರುವರ್ಷದ ಪಂಚಮಿಗೆ ಬಂದ ಅಕ್ಕ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ನೆರಳಿನ ತುಂಬ ಕೆಂಡದಂಥ ಹೂ.

"ಸಾಲಿಲ್ಲ ಗೀಲಿಲ್ಲ, ಹ್ಯಾಂಗ ಬಿತ್ತೀದ್ಯೋ ಇದನ್ನ?"

"ಅದು ನನ್ನ ಪದ್ಧತಿ," ಎಂದೆ. ಅಪ್ಪ ಸುಮ್ಮನೆ ಮೀಸೆ ಒರೆಸಿಕೊಂಡ.

ಅಕ್ಕ ತುರುಬಿನ ಸುತ್ತ ದಂಡೆ ಮುಡಿದು, ನೆಗೆಣ್ಣಿಗೂ ಒಂದು ಬುಟ್ಟಿ ಹೂ ಒಯ್ದಳು.

ಈಗ ಹುಣಸೆಮರವಿಲ್ಲ, ಆ ಮೂವರೂ ಇಲ್ಲ. ನನಗಿರುವುದು ಹನ್ನೆರಡು ಎಕರೆ ಹೊಲ, ಒಂದು ಜೋಡಿ ಎತ್ತು, ಆ ಪರಾತ, ಗೋಡೆಯ ನೆರಳಿಗೆ ಏಳು ಅಬ್ಬಲಿಗೆ ಗಿಡ. ಏಳರಲ್ಲಿ ಒಂದೂ ನಾನು ಹಚ್ಚಿದ್ದಲ್ಲ.